ಮೂತ್ರ ಕಟ್ಟಿದಾಗ, ಬೀಜ ನೋಯುವಾಗ: ಯಾವುದಕ್ಕೆ ರಾತ್ರಿಯೇ ಓಡಬೇಕು?

ಪ್ರಶ್ನೆ: ಅಪ್ಪನಿಗೆ 71 ವರ್ಷ, ನಮ್ಮ ಜೊತೆಗೇ ಇದ್ದಾರೆ. ಪ್ರಾಸ್ಟೇಟ್ ದೊಡ್ಡದಾಗಿದೆ ಎಂದು ಎರಡು ವರ್ಷದ ಹಿಂದೆ ಡಾಕ್ಟರ್ ಮಾತ್ರೆ ಕೊಟ್ಟಿದ್ದರು. ಸ್ವಲ್ಪ ದಿನ ತಗೊಂಡು, ಆರಾಮಾಯಿತು ಎಂದು ಬಿಟ್ಟುಬಿಟ್ಟರು. ಹೋದ ತಿಂಗಳು ಜೋರು ನೆಗಡಿ ಬಂತು. ಎರಡು ದಿನ ನೆಗಡಿ ಮಾತ್ರೆ ನುಂಗಿದರು. ಎರಡನೇ ರಾತ್ರಿ ಹತ್ತರ ಹೊತ್ತಿಗೆ ಮೂತ್ರ ಪೂರ್ತಿ ಕಟ್ಟಿತು. ಮಗಳ ಹತ್ತಿರ ಹೇಗೆ ಹೇಳುವುದು ಎಂದು ಎರಡು ಗಂಟೆ ಸುಮ್ನೆ ಬಾತ್‌ರೂಮಿಗೆ ಓಡಾಡುತ್ತಿದ್ದರು. ಗೊತ್ತಾದ ಮೇಲೆ, ಕುಡಿದರೆ ಬರುತ್ತೆ ಎಂದು ನಾವೇ ಮೂರ್ನಾಲ್ಕು ಲೋಟ ನೀರು ಕುಡಿಸಿದೆವು. ಬೆಳಗ್ಗೆ ಆರಕ್ಕೆ ಆಸ್ಪತ್ರೆಗೆ ಹೋದಾಗ ಪೈಪ್ ಹಾಕಿ 1,100 ಮಿ.ಲೀ. ತೆಗೆದರು. ಐದು ದಿನದ ಮೇಲೆ ಪೈಪ್ ತೆಗೆದರು. ಈಗ ಮೂತ್ರ ಹೋಗುತ್ತಿದೆ, ಧಾರೆ ಮಾತ್ರ ಸಣ್ಣ. ಅಷ್ಟನ್ನೂ ಒಂದೇ ಸಲ ತೆಗೆದದ್ದು ತಪ್ಪು ಎಂದು ಒಬ್ಬರು ಹೇಳುತ್ತಾರೆ. ಒಮ್ಮೆ ಪೈಪ್ ಹಾಕಿದರೆ ಜೀವನಪೂರ್ತಿ ಅದೇ ಗತಿ ಎಂದು ಇನ್ನೊಬ್ಬರು. ಮತ್ತೆ ಹೀಗಾದರೆ ಏನು ಮಾಡಬೇಕು? ಯಾವುದಕ್ಕೆ ರಾತ್ರಿಯೇ ಓಡಬೇಕು, ಯಾವುದಕ್ಕೆ ಬೆಳಗಿನ ತನಕ ಕಾಯಬಹುದು? ಇನ್ನೊಂದು ಸಣ್ಣ ವಿಷಯ. 14 ವರ್ಷದ ಮಗ ಹೋದ ವಾರ ಬೆಳಗಿನ ಜಾವ ಎದ್ದು ಒಂದು ಕಡೆ ಬೀಜ ತುಂಬ ನೋಯುತ್ತಿದೆ ಎಂದು ಅತ್ತ. ಒಮ್ಮೆ ವಾಂತಿಯೂ ಆಯಿತು. ಮುಕ್ಕಾಲು ಗಂಟೆಯಲ್ಲಿ ತಾನಾಗಿ ಸರಿಹೋಯಿತು. ಹಿಂದೆಯೂ ಒಮ್ಮೆ ಹೀಗಾಗಿತ್ತಂತೆ. ಅದು ಬೆಳೆಯುವ ವಯಸ್ಸಿನ ನೋವೇ ಇರಬೇಕು ಅಲ್ವಾ?

ಉತ್ತರ: ನೀವು ಅಪ್ಪನ ಬಗ್ಗೆ ವಿವರವಾಗಿ ಬರೆದಿದ್ದೀರಿ. ಮಗನ ವಿಷಯ ಕೊನೆಯ ನಾಲ್ಕು ಸಾಲಿನಲ್ಲಿದೆ. ನಾನು ಮಗನಿಂದಲೇ ಶುರು ಮಾಡುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ಆ ನಾಲ್ಕು ಸಾಲು.

ಬೆಳೆಯುವ ವಯಸ್ಸಿಗೆ ಬೀಜ ನೋಯುತ್ತದೆ ಎನ್ನುವುದು ನಿಜವಲ್ಲ. ಬೆಳವಣಿಗೆಗೆ ನೋವಿಲ್ಲ. ಹುಡುಗನೊಬ್ಬನಿಗೆ ಇದ್ದಕ್ಕಿದ್ದಂತೆ ಒಂದು ಕಡೆ ಜೋರಾಗಿ ನೋವು ಬಂದು, ಜೊತೆಗೆ ವಾಂತಿಯಾಗಿ, ಆಮೇಲೆ ಅಷ್ಟೇ ಬೇಗ ನೋವು ಮಾಯವಾದರೆ ನಾವು ಮೊದಲು ಅನುಮಾನ ಪಡುವುದು ಒಂದೇ: ಬೀಜ ತಿರುಚಿಕೊಂಡು, ತಾನಾಗಿ ಬಿಚ್ಚಿಕೊಂಡಿರಬಹುದು. ಹೋದ ವಾರ ಬಿಚ್ಚಿಕೊಂಡಿತು. ಮುಂದಿನ ಸಲ ಬಿಚ್ಚಿಕೊಳ್ಳದೆ ಇರಬಹುದು.

ಬೀಜ, ಅಂದರೆ ವೃಷಣ, ಒಂದು ಹುರಿಗೆ ತೂಗುಬಿದ್ದಿರುತ್ತದೆ. ಅದಕ್ಕೆ ರಕ್ತ ತರುವ, ಅಲ್ಲಿಂದ ರಕ್ತ ಒಯ್ಯುವ ನಾಳಗಳೆಲ್ಲ ಆ ಹುರಿಯೊಳಗೇ ಇವೆ. ಸಾಮಾನ್ಯವಾಗಿ ಬೀಜ ಹಿಂಬದಿಯಲ್ಲಿ ಚೀಲಕ್ಕೆ ಅಂಟಿಕೊಂಡಿರುವುದರಿಂದ ಸುತ್ತಲು ಆಗುವುದಿಲ್ಲ. ಕೆಲವರಿಗೆ ಹುಟ್ಟಿನಿಂದಲೇ ಆ ಅಂಟು ಇರುವುದಿಲ್ಲ. ಗಂಟೆಯ ನಾಲಿಗೆ ಹೇಗೆ ಒಳಗೆ ಸಡಿಲವಾಗಿ ಆಡುತ್ತದೋ ಹಾಗೆ ಬೀಜ ಆಡುತ್ತಿರುತ್ತದೆ. ಒಂದು ಸಲ ಗಿರಕಿ ಹೊಡೆದರೆ ಹುರಿ ಮುರುಚಿಕೊಳ್ಳುತ್ತದೆ. ಮೊದಲು ರಕ್ತ ಹೊರಗೆ ಹೋಗುವ ದಾರಿ ಮುಚ್ಚುತ್ತದೆ, ಬೀಜ ಊದುತ್ತದೆ. ಆಮೇಲೆ ಒಳಗೆ ಬರುವ ದಾರಿಯೂ ಮುಚ್ಚುತ್ತದೆ. 12ರಿಂದ 18 ವರ್ಷದೊಳಗೆ ಇದು ಜಾಸ್ತಿ. ಆದರೆ ಆಗಷ್ಟೇ ಹುಟ್ಟಿದ ಕೂಸಿಗೂ ಆಗುತ್ತದೆ, ಮೂವತ್ತು ದಾಟಿದವರಿಗೂ ಆಗುತ್ತದೆ. ಆಟದಲ್ಲಿ ಏಟು ಬಿದ್ದೇ ಆಗಬೇಕೆಂದಿಲ್ಲ. ನಿದ್ದೆಯಲ್ಲೇ ತಿರುಚಿಕೊಂಡು, ನೋವಿಗೆ ಎದ್ದು ಕೂತ ಹುಡುಗರನ್ನು ಎಷ್ಟೋ ಸಲ ನೋಡಿದ್ದೇನೆ.

ಇಲ್ಲಿ ಗಡಿಯಾರ ನಿರ್ದಯವಾಗಿ ಓಡುತ್ತದೆ. ನೋವು ಶುರುವಾಗಿ 6 ಗಂಟೆಯೊಳಗೆ ಆಪರೇಷನ್ ಮಾಡಿ ತಿರುಚು ಬಿಡಿಸಿದರೆ ಹತ್ತರಲ್ಲಿ ಒಂಬತ್ತು ಬೀಜ ಉಳಿಯುತ್ತವೆ. 12 ಗಂಟೆಯಾದರೆ ಸುಮಾರು ಅರ್ಧ. 24 ಗಂಟೆ ದಾಟಿದರೆ ಉಳಿಯುವುದು ಅಪರೂಪ. ಈ ಲೆಕ್ಕ ನಾವು ನೋಡಿದ ಹೊತ್ತಿನಿಂದ ಅಲ್ಲ, ಹುಡುಗನಿಗೆ ನೋವು ಶುರುವಾದ ಹೊತ್ತಿನಿಂದ.

ಆಪರೇಷನ್ ಟೇಬಲ್ ಮೇಲೆ ಚೀಲ ಬಿಡಿಸಿದಾಗ ಬೀಜ ಕಡು ನೀಲಿಯಾಗಿ, ಕೆಲವೊಮ್ಮೆ ಕಪ್ಪಾಗಿ ಕಾಣುತ್ತದೆ. ತಿರುಚು ಬಿಡಿಸಿ, ಬೆಚ್ಚಗಿನ ಸಲೈನ್‌ನಲ್ಲಿ ಅದ್ದಿದ ಬಟ್ಟೆ ಸುತ್ತಿ ಕಾಯುತ್ತೇವೆ. ಐದು ನಿಮಿಷ, ಹತ್ತು ನಿಮಿಷ. ಯಾರೂ ಮಾತಾಡುವುದಿಲ್ಲ. ಬಟ್ಟೆ ಸರಿಸಿದಾಗ ಒಂದು ಕಡೆಯಿಂದ ನಸುಗೆಂಪು ತಿರುಗಿದ್ದರೆ ಎಲ್ಲರಿಗೂ ಉಸಿರು ಬರುತ್ತದೆ. ತಿರುಗದಿದ್ದರೆ ಅದನ್ನು ತೆಗೆಯಬೇಕು. ಹೊರಗೆ ಬಂದು ಅಪ್ಪ ಅಮ್ಮನಿಗೆ ಹೇಳುವಾಗ ಹತ್ತಕ್ಕೆ ಎಂಟು ಸಲ ನಾನು ಕೇಳುವ ಮಾತು ಒಂದೇ: "ಹೊಟ್ಟೆ ನೋವು ಅಂದಿದ್ದ ಡಾಕ್ಟ್ರೇ, ಅದಕ್ಕೇ ಮಾತ್ರೆ ಕೊಟ್ಟು ಮಲಗಿಸಿದೆವು."

ಅವರು ಸುಳ್ಳು ಹೇಳುತ್ತಿಲ್ಲ. ಬೀಜದ ನೋವು ಕಿಬ್ಬೊಟ್ಟೆಗೂ ಹರಡುತ್ತದೆ, ಕೆಲವರಿಗೆ ಅಲ್ಲೇ ಮೊದಲು ಕಾಣಿಸುತ್ತದೆ. ಜೊತೆಗೆ ನಾಚಿಕೆ. ಹೊಟ್ಟೆ ಎಂದು ಹೇಳುವುದು ಸುಲಭ. ಹಾಗಾಗಿ ಗಂಡು ಮಕ್ಕಳಿಗೆ ಹೊಟ್ಟೆ ನೋವು, ವಾಂತಿ ಎಂದರೆ "ಕೆಳಗೆಲ್ಲಾದರೂ ನೋಯುತ್ತಿದೆಯಾ?" ಎಂದು ನೇರವಾಗಿ ಕೇಳಿ. ಚಿಕ್ಕವನಾದರೆ ಚಡ್ಡಿ ತೆಗೆದು ನೋಡಿ. ಒಂದು ಕಡೆಯ ಬೀಜ ಮೇಲಕ್ಕೆ ಏರಿ ಕೂತಿದೆಯಾ, ಅಡ್ಡವಾಗಿದೆಯಾ, ಮುಟ್ಟಿದರೆ ಕಿರುಚುತ್ತಾನಾ? ತೊಡೆಯ ಒಳಭಾಗವನ್ನು ಮೆಲ್ಲಗೆ ಸವರಿದರೆ ಸಾಮಾನ್ಯವಾಗಿ ಆ ಕಡೆಯ ಬೀಜ ಚೂರು ಮೇಲಕ್ಕೆ ಎಳೆದುಕೊಳ್ಳುತ್ತದೆ. ತಿರುಚಿದಾಗ ಬಹುಪಾಲು ಆ ಎಳೆತ ಇರುವುದಿಲ್ಲ. ಇದು ಡಾಕ್ಟರ್ ನೋಡುವ ಗುರುತು. ಮನೆಯಲ್ಲಿ ಇದನ್ನು ಪರೀಕ್ಷೆ ಮಾಡುತ್ತಾ ಕೂರಬೇಡಿ. ನೀವೇ ಕೈಯಿಂದ ತಿರುಗಿಸಿ ಬಿಡಿಸಲು ಹೋಗಲೇಬೇಡಿ. ಯಾವ ಕಡೆಗೆ ತಿರುಚಿದೆ ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ. ತಪ್ಪು ಕಡೆ ತಿರುಗಿಸಿದರೆ ಇನ್ನೂ ಬಿಗಿಯಾಗುತ್ತದೆ.

ಸ್ಕ್ಯಾನ್ ಬಗ್ಗೆಯೂ ಒಂದು ಮಾತು. ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಒಳ್ಳೆಯ ಪರೀಕ್ಷೆಯೇ. ಆದರೆ ಲಕ್ಷಣಗಳು ಸ್ಪಷ್ಟವಾಗಿದ್ದಾಗ ಸ್ಕ್ಯಾನಿಗೆಂದು ಎರಡು ಗಂಟೆ ಕಾಯುವುದು ತಪ್ಪು. ತೆರೆದು ನೋಡಿದಾಗ ತಿರುಚಿರಲಿಲ್ಲ ಎಂದಾದರೆ ಒಂದು ಸಣ್ಣ ಗಾಯ ಉಳಿಯುತ್ತದೆ ಅಷ್ಟೆ. ತೆರೆಯದೆ ಬಿಟ್ಟು ತಿರುಚಿದ್ದರೆ ಬೀಜವೇ ಹೋಗುತ್ತದೆ. ಈ ಎರಡರಲ್ಲಿ ನಾನು ಯಾವತ್ತೂ ಮೊದಲನೆಯದನ್ನೇ ಆರಿಸುತ್ತೇನೆ.

ನಿಮ್ಮ ಮಗನಿಗೆ ಈಗ ನೋವಿಲ್ಲ. ಹಾಗಾಗಿ ಈಗಲೇ ಎದ್ದು ಓಡಬೇಕಿಲ್ಲ. ಆದರೆ ಈ ವಾರದಲ್ಲೇ ಯೂರಾಲಜಿಸ್ಟ್ (ಮೂತ್ರಾಂಗದ ಡಾಕ್ಟರ್) ಅಥವಾ ಮಕ್ಕಳ ಸರ್ಜನ್ ಅವನನ್ನು ನೋಡಬೇಕು. ನೋವಿಲ್ಲದಾಗ ಮಾಡಿದ ಸ್ಕ್ಯಾನ್ ನಾರ್ಮಲ್ ಬರಬಹುದು. ಅದನ್ನು ನೋಡಿ ನಿಶ್ಚಿಂತರಾಗಬೇಡಿ. ಎರಡು ಸಲ ಆಗಿದೆ ಎನ್ನುವುದನ್ನು ಮರೆಯದೆ ಹೇಳಿ, ರೋಗ ಗುರುತಿಸಲು ಆ ಕಥೆಯೇ ಮುಖ್ಯ. ಅನುಮಾನ ಗಟ್ಟಿಯಾದರೆ ಎರಡೂ ಬೀಜಗಳನ್ನು ಒಳಗೆ ಹೊಲಿಗೆ ಹಾಕಿ ನಿಲ್ಲಿಸುವ ಸಣ್ಣ ಆಪರೇಷನ್ ಹೇಳುತ್ತಾರೆ. ಎರಡೂ ಯಾಕೆ ಎಂದರೆ, ಒಂದು ಕಡೆ ಅಂಟು ಇಲ್ಲದವರಿಗೆ ಇನ್ನೊಂದು ಕಡೆಯೂ ಇಲ್ಲದಿರುವುದು ಸಾಮಾನ್ಯ. ಅರಿವಳಿಕೆಯ ಸಣ್ಣ ಅಪಾಯ, ಸೋಂಕು, ಕೆಲವು ದಿನದ ಊತ, ಇವು ಅದರ ತೊಂದರೆಗಳು. ಅಷ್ಟರೊಳಗೆ ಮತ್ತೆ ನೋವು ಬಂದರೆ ಆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ನೇರವಾಗಿ ತುರ್ತು ವಿಭಾಗಕ್ಕೆ ಹೋಗಿ. ದಾರಿಯಲ್ಲಿ ತಿನ್ನಲು, ಕುಡಿಯಲು ಕೊಡಬೇಡಿ. ಅರಿವಳಿಕೆ ಕೊಡಬೇಕಾಗಬಹುದು. ಆರು ಗಂಟೆ ದಾಟಿದ್ದರೂ ಹೋಗಿ. ತಿರುಚು ಅರ್ಧಂಬರ್ಧ ಇದ್ದರೆ ಆಮೇಲೂ ಉಳಿಯುವುದುಂಟು.

ಇನ್ನು ಅಪ್ಪನ ವಿಷಯ.

ನೆಗಡಿ ಮಾತ್ರೆಯಿಂದ ಮೂತ್ರ ಕಟ್ಟುತ್ತದಾ ಎಂದು ನಿಮಗೆ ಆಶ್ಚರ್ಯ ಆಗಬಹುದು. ಪ್ರಾಸ್ಟೇಟ್ ಗ್ರಂಥಿ ಮೂತ್ರಕೋಶದ ಬಾಯಿಯ ಕೆಳಗೆ, ಮೂತ್ರ ಹೊರಹೋಗುವ ದಾರಿಯ ಸುತ್ತ ಕೂತಿರುತ್ತದೆ. ವಯಸ್ಸಾದಂತೆ ಅದು ದಪ್ಪಗಾಗಿ ದಾರಿ ಕಿರಿದಾಗುತ್ತದೆ. ಮೂತ್ರಕೋಶ ಜೋರಾಗಿ ಹಿಂಡಿ ಹೇಗೋ ಸಂಭಾಳಿಸುತ್ತಿರುತ್ತದೆ. ಮೂಗು ಕಟ್ಟಿದ್ದನ್ನು ಬಿಡಿಸುವ ಸ್ಯೂಡೋಎಫೆಡ್ರಿನ್, ಫಿನೈಲೆಫ್ರಿನ್ ತರದ ಔಷಧಗಳು ಮೂತ್ರಕೋಶದ ಬಾಯಿಯ ಸ್ನಾಯುವನ್ನೂ ಬಿಗಿ ಮಾಡುತ್ತವೆ. ಅದೇ ಮಾತ್ರೆಯಲ್ಲಿರುವ ಕ್ಲೋರ್‌ಫೆನಿರಮಿನ್ ತರದ ಔಷಧ ಹಿಂಡುವ ಸ್ನಾಯುವನ್ನು ಸಡಿಲ ಮಾಡುತ್ತದೆ. ಬಾಗಿಲು ಬಿಗಿಯಾಯಿತು, ತಳ್ಳುವ ಕೈ ಸೋತಿತು. ಮಲಬದ್ಧತೆ, ಬಲವಾದ ನೋವಿನ ಔಷಧಗಳು, ಬೇರೆ ಯಾವುದೋ ಆಪರೇಷನ್, ತುಂಬ ಹೊತ್ತು ತಡೆದುಕೊಂಡು ಕೂರುವುದು, ಇವುಗಳಿಂದಲೂ ಹೀಗಾಗುತ್ತದೆ.

ನೀರು ಕುಡಿಸಿದ್ದಕ್ಕೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ, ಎಲ್ಲರೂ ಮಾಡುವುದು ಅದನ್ನೇ. ಆದರೆ ಇನ್ನೊಮ್ಮೆ ಬೇಡ. ಮೂತ್ರ ಇಲ್ಲದೆ ಇರುವುದು ಬೇರೆ, ಇದ್ದೂ ಹೊರಗೆ ಬಾರದೆ ಇರುವುದು ಬೇರೆ. ಅಪ್ಪನಿಗೆ ಆಗಿದ್ದು ಎರಡನೆಯದು. ಮೂತ್ರಕೋಶ ಸಾಮಾನ್ಯವಾಗಿ 400ರಿಂದ 500 ಮಿ.ಲೀ. ಹಿಡಿಯುತ್ತದೆ. ಕಿಡ್ನಿಗಳು ಗಂಟೆಗೆ 60 ಮಿ.ಲೀ.ನಷ್ಟಾದರೂ ಮೂತ್ರ ಮಾಡುತ್ತಲೇ ಇರುತ್ತವೆ, ನೀರು ಕುಡಿದರೆ ಇನ್ನೂ ಜಾಸ್ತಿ. ರಾತ್ರಿ ಹತ್ತರಿಂದ ಬೆಳಗ್ಗೆ ಆರು, ಎಂಟು ಗಂಟೆ. ಲೆಕ್ಕ ಹಾಕಿದರೆ ನಿಮ್ಮ 1,100 ಎಲ್ಲಿಂದ ಬಂತು ಎಂದು ಗೊತ್ತಾಗುತ್ತದೆ. ಅತಿಯಾಗಿ ಹಿಗ್ಗಿದ ಮೂತ್ರಕೋಶದ ಸ್ನಾಯು ಹಿಂಡುವ ಶಕ್ತಿ ಕಳೆದುಕೊಳ್ಳುತ್ತದೆ. ಬೇಗ ಹೋಗಿ ಎನ್ನುವುದು ಬರೀ ನೋವಿಗಾಗಿ ಅಲ್ಲ, ಈ ಸ್ನಾಯುವಿಗಾಗಿ.

ಒಂದೇ ಸಲ ಪೂರ್ತಿ ತೆಗೆದದ್ದು ತಪ್ಪಲ್ಲ. ಸ್ವಲ್ಪ ಸ್ವಲ್ಪವಾಗಿ, ಪೈಪ್ ಮುಚ್ಚಿ ಮುಚ್ಚಿ ತೆಗೆಯಬೇಕು ಎಂದು ಹಿಂದೆ ನಮಗೂ ಕಲಿಸಿದ್ದರು. ಎರಡೂ ರೀತಿ ಹೋಲಿಸಿ ನೋಡಿದಾಗ ನಿಧಾನವಾಗಿ ತೆಗೆಯುವುದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಪೈಪ್ ಒಳಗೆ ಹೋದ ಕ್ಷಣ ರೋಗಿಯ ಮುಖ ನೋಡಬೇಕು. ಹಲ್ಲು ಕಚ್ಚಿ, ಹಾಸಿಗೆಯ ಅಂಚು ಹಿಡಿದು ಮಲಗಿದ್ದವರ ಮುಷ್ಟಿ ಬಿಚ್ಚುತ್ತದೆ. ಕಲ್ಲಿನಂತಿದ್ದ ಕಿಬ್ಬೊಟ್ಟೆ ಕೈಯ ಕೆಳಗೇ ಇಳಿಯುತ್ತದೆ. ಆ ನೆಮ್ಮದಿಯನ್ನು ಅರ್ಧಕ್ಕೆ ನಿಲ್ಲಿಸಲು ಕಾರಣವೇ ಇಲ್ಲ. ಕಣ್ಣಿಟ್ಟು ನೋಡಬೇಕಾದದ್ದು ಅದರ ಮುಂದಿನ ಗಂಟೆಗಳನ್ನು. ಬಹಳ ದಿನದಿಂದ ಒಳಗೊಳಗೇ ಕಟ್ಟಿ ಕಿಡ್ನಿಗೆ ಒತ್ತಡ ಬಿದ್ದಿದ್ದರೆ, ದಾರಿ ತೆರೆದ ಮೇಲೆ ಗಂಟೆಗೆ 200 ಮಿ.ಲೀ.ಗಿಂತ ಜಾಸ್ತಿ ಮೂತ್ರ ಒಂದೇ ಸಮನೆ ಹೋಗತೊಡಗಬಹುದು. ಆಗ ಉಪ್ಪು, ನೀರಿನ ಅಂಶ ಕಡಿಮೆಯಾಗದಂತೆ ಆಸ್ಪತ್ರೆಯಲ್ಲೇ ನೋಡಿಕೊಳ್ಳಬೇಕು. ಕಿಡ್ನಿ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತ ಪರೀಕ್ಷೆ ಅಪ್ಪನಿಗೆ ಮಾಡಿದ್ದರಾ? ಮಾಡಿಲ್ಲದಿದ್ದರೆ ಈಗ ಮಾಡಿಸಿ.

ಪ್ರಾಸ್ಟೇಟ್ ಕ್ಯಾನ್ಸರ್ ಅನುಮಾನಕ್ಕೆ ಮಾಡುವ ಪಿಎಸ್‌ಎ ರಕ್ತ ಪರೀಕ್ಷೆಗೆ ಮಾತ್ರ ಈಗಲೇ ಅವಸರ ಬೇಡ. ಮೂತ್ರ ಕಟ್ಟಿದಾಗ, ಪೈಪ್ ಹಾಕಿದಾಗ ಆ ಸಂಖ್ಯೆ ಸುಮ್ನೆ ಏರುತ್ತದೆ. ಕೆಲವು ವಾರ ಬಿಟ್ಟು ಮಾಡಿಸಿದರೆ ಅನಗತ್ಯ ಗಾಬರಿ ತಪ್ಪುತ್ತದೆ.

ಜೀವನಪೂರ್ತಿ ಪೈಪ್ ಎನ್ನುವುದಕ್ಕೆ ಅಪ್ಪನೇ ಉತ್ತರ. ಪೈಪ್ ತೆಗೆದ ಮೇಲೆ ಮೂತ್ರ ಹೋಗುತ್ತಿದೆಯಲ್ಲ. ಮೂತ್ರಕೋಶದ ಬಾಯಿ ಸಡಿಲ ಮಾಡುವ ಟ್ಯಾಮ್‌ಸುಲೋಸಿನ್ ತರದ ಮಾತ್ರೆ ಕೊಟ್ಟು, ಕೆಲವು ದಿನ ಮೂತ್ರಕೋಶಕ್ಕೆ ವಿಶ್ರಾಂತಿ ಕೊಟ್ಟು ಪೈಪ್ ತೆಗೆದರೆ ಸುಮಾರು ಅರ್ಧ ಜನಕ್ಕೆ ಮತ್ತೆ ಮೂತ್ರ ಬರುತ್ತದೆ. ಆದರೆ ಒಂದು ಮಾತು ಮುಚ್ಚಿಡುವುದಿಲ್ಲ. ವಯಸ್ಸು 70 ದಾಟಿದ್ದು, ಕಟ್ಟಿದ್ದ ಮೂತ್ರ ಒಂದು ಲೀಟರಿಗಿಂತ ಜಾಸ್ತಿ ಇದ್ದದ್ದು, ಈಗಲೂ ಧಾರೆ ಸಣ್ಣ ಇರುವುದು, ಈ ಮೂರೂ ಮತ್ತೆ ಕಟ್ಟುವ ಸಾಧ್ಯತೆಯ ಕಡೆಗೇ ಬೆರಳು ತೋರಿಸುತ್ತವೆ. ಮೂತ್ರ ಮಾಡಿದ ಮೇಲೆ ಎಷ್ಟು ಉಳಿಯುತ್ತದೆ ಎಂದು ಸ್ಕ್ಯಾನಿನಲ್ಲಿ ನೋಡಿಸಿ. ಮುಂದಿನದೆಲ್ಲ ಅದರ ಮೇಲೆ ನಿಂತಿದೆ.

ಉಳಿಯುವುದು ಕಡಿಮೆ ಇದ್ದು ಕಿಡ್ನಿ ಚೆನ್ನಾಗಿದ್ದರೆ ಮಾತ್ರೆಯಲ್ಲೇ ಮುಂದುವರಿಯಬಹುದು. ಟ್ಯಾಮ್‌ಸುಲೋಸಿನ್‌ನಿಂದ ಎದ್ದು ನಿಂತಾಗ ತಲೆ ತಿರುಗಬಹುದು. ರಾತ್ರಿ ಎದ್ದೇಳುವಾಗ ಒಂದು ನಿಮಿಷ ಮಂಚದ ಅಂಚಿನಲ್ಲಿ ಕೂತು ಏಳಲಿ. ಕಣ್ಣಿನ ಪೊರೆಯ ಆಪರೇಷನ್ ಇದ್ದರೆ ಈ ಮಾತ್ರೆಯ ವಿಷಯ ಕಣ್ಣಿನ ಡಾಕ್ಟರಿಗೆ ಮೊದಲೇ ಹೇಳಬೇಕು. ಪಾಪೆಯ ಸುತ್ತಲಿನ ಪರದೆ ಸಡಿಲವಾಗಿ ಅವರಿಗೆ ಆಪರೇಷನ್ ಕಷ್ಟವಾಗುತ್ತದೆ. ಫಿನಾಸ್ಟರೈಡ್, ಡುಟಾಸ್ಟರೈಡ್ ಗ್ರಂಥಿಯನ್ನೇ ಕುಗ್ಗಿಸುತ್ತವೆ, ಆದರೆ ಆರು ತಿಂಗಳಾದರೂ ಬೇಕು. ಅವು ಪಿಎಸ್‌ಎ ಸಂಖ್ಯೆಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತವೆ ಎಂಬುದು ನೆನಪಿರಲಿ. ಆರಾಮಾಯಿತು ಎಂದು ಮಾತ್ರೆ ಬಿಟ್ಟದ್ದೇ ಹೋದ ಸಲ ತೊಂದರೆಯ ಶುರು. ಆರಾಮಾಗಿದ್ದದ್ದು ಮಾತ್ರೆಯಿಂದ. ಗ್ರಂಥಿ ಅಷ್ಟೇ ದೊಡ್ಡದಿತ್ತು.

ಮತ್ತೆ ಕಟ್ಟಿದರೆ, ಅಥವಾ ಕಿಡ್ನಿಗೆ ತೊಂದರೆ ಕಂಡರೆ, ಆಪರೇಷನ್ ಮಾತು ಬರುತ್ತದೆ. ಒಳಗಿನಿಂದಲೇ ಗ್ರಂಥಿಯನ್ನು ಕೆತ್ತುವ ಟಿಯುಆರ್‌ಪಿ, ಇಲ್ಲವೇ ಲೇಸರ್. ಬಹುಪಾಲು ಜನಕ್ಕೆ ಧಾರೆ ಚೆನ್ನಾಗಿ ಬರುತ್ತದೆ. ಆದರೆ ಹೆಚ್ಚಿನವರಿಗೆ ಆಮೇಲೆ ವೀರ್ಯ ಹೊರಬರುವುದು ನಿಲ್ಲುತ್ತದೆ, ಅದು ಮೂತ್ರಕೋಶಕ್ಕೆ ಹಿಂದಕ್ಕೆ ಹೋಗುತ್ತದೆ. ಇದನ್ನು ಆಪರೇಷನ್‌ಗೆ ಮೊದಲೇ ಅಪ್ಪನಿಗೆ ಹೇಳಬೇಕು, ವಯಸ್ಸಾಯಿತಲ್ಲ ಎಂದು ಬಿಡಬಾರದು. ರಕ್ತ ಹೋಗುವುದು, ಸೋಂಕು, ಮುಂದೆ ದಾರಿ ಕಿರಿದಾಗುವುದು, ಕೆಲವರಿಗೆ ಮೂತ್ರ ತಡೆಯಲಾಗದಿರುವುದು, ಇವೂ ಇವೆ. ಹೃದಯ, ಶ್ವಾಸಕೋಶಕ್ಕೆ ಆಪರೇಷನ್ ತಾಳಿಕೊಳ್ಳುವ ಶಕ್ತಿ ಇಲ್ಲದಿದ್ದರೆ, ದಿನಕ್ಕೆ ಕೆಲವು ಸಲ ತಾವೇ ತೆಳು ಪೈಪ್ ಹಾಕಿ ಮೂತ್ರ ತೆಗೆದುಕೊಳ್ಳುವುದನ್ನು ಕಲಿಯಬಹುದು. ಕಾಯಂ ಪೈಪ್ ಕಡೆಯ ದಾರಿ.

ಮತ್ತೆ ಕಟ್ಟಿದರೆ ಏನು ಮಾಡಬೇಕು ಎಂದು ಕೇಳಿದ್ದೀರಿ. ಕಿಬ್ಬೊಟ್ಟೆ ಉಬ್ಬಿ, ಅವಸರವಾಗಿ, ಒಂದು ಹನಿಯೂ ಬಾರದಿದ್ದರೆ ನೀರು ಕೊಡಬೇಡಿ, ಹೊಟ್ಟೆ ಒತ್ತಬೇಡಿ, ಮೂತ್ರ ಹೆಚ್ಚಿಸುವ ಮಾತ್ರೆ ಕೊಡಬೇಡಿ. ಹೊರಟುಬಿಡಿ. ಬೆಚ್ಚಗಿನ ನೀರಿನಲ್ಲಿ ಕೂತರೆ ಕೆಲವರಿಗೆ ಸಡಿಲವಾಗುತ್ತದೆ ನಿಜ. ಗಾಡಿ ಬರುವ ತನಕ ಮಾಡಿ, ಅದಕ್ಕೆಂದು ಹೊರಡುವುದನ್ನು ಮುಂದೂಡಬೇಡಿ.

ನೋವಿಲ್ಲದೆ ಕಟ್ಟುವ ಮೂತ್ರಕ್ಕೆ ನಾನು ಹೆಚ್ಚು ಹೆದರುತ್ತೇನೆ. ತಿಂಗಳುಗಟ್ಟಲೆ ನಿಧಾನವಾಗಿ ಹಿಗ್ಗಿದ ಮೂತ್ರಕೋಶ ನೋಯುವುದಿಲ್ಲ. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರಲ್ಲ, ಇಲ್ಲಿ ತುಂಬಿದಾಗಲೇ ತುಳುಕುತ್ತದೆ. ವಯಸ್ಸಾದ ಗಂಡಸು ರಾತ್ರಿ ಹಾಸಿಗೆ ಒದ್ದೆ ಮಾಡಿಕೊಂಡರೆ ಮನೆಯವರು ಹಿಡಿತ ತಪ್ಪಿತು ಎಂದುಕೊಳ್ಳುತ್ತಾರೆ. ಎಷ್ಟೋ ಸಲ ಅದು ತುಂಬಿ ಹರಿಯುತ್ತಿರುವ ಮೂತ್ರಕೋಶ, ಹಿಂದೆ ಕಿಡ್ನಿಗಳು ಊದಿಕೊಂಡಿರುತ್ತವೆ. ಅಪ್ಪನಿಗೆ ಹೀಗೇನಾದರೂ ಆಗುತ್ತಿದ್ದರೆ ಮುಚ್ಚಿಡದೆ ಹೇಳಲಿ.

ಹೆಂಗಸಿರಲಿ ಗಂಡಸಿರಲಿ, ಚಿಕ್ಕ ವಯಸ್ಸಿರಲಿ, ಬೆನ್ನು ನೋವಿನ ಜೊತೆ ಮೂತ್ರ ಕಟ್ಟಿದರೆ, ಕೂತಾಗ ಕುರ್ಚಿಗೆ ತಾಗುವ ಜಾಗ ಜೋಮು ಹಿಡಿದರೆ, ಕಾಲಿಗೆ ಬಲ ಇಲ್ಲದಾದರೆ ಅದು ಮೂತ್ರದ ರೋಗವಲ್ಲ. ಬೆನ್ನುಹುರಿಯ ಕೆಳಗಿನ ನರಗಳು ಒತ್ತಿಕೊಂಡಿವೆ. ಆ ರಾತ್ರಿಯೇ ಎಂಆರ್‌ಐ ಆಗಬೇಕು.

ರಾತ್ರಿಯೇ ಓಡಬೇಕಾದದ್ದರಲ್ಲಿ ಪ್ರಾಣಕ್ಕೇ ಎರವಾಗುವುದರಲ್ಲಿ ಒಂದು ಕಲ್ಲಿನ ಜೊತೆ ಜ್ವರ. ಬರೀ ಕಿಡ್ನಿ ಕಲ್ಲಿನ ನೋವು ಎಷ್ಟೇ ಜೋರಿದ್ದರೂ ಹೆಚ್ಚಿನ ಸಲ ತುರ್ತು ಆಪರೇಷನ್ ಬೇಕಾಗುವುದಿಲ್ಲ. ಪಕ್ಕೆಯಿಂದ ತೊಡೆಸಂದಿಗೆ ಇಳಿಯುವ ನೋವು, ಕೂರಲೂ ಆಗದೆ ಮಲಗಲೂ ಆಗದೆ ಹೊರಳಾಟ. ಡೈಕ್ಲೋಫೆನಾಕ್ ತರದ ನೋವಿನ ಔಷಧ ಒಳ್ಳೆಯದು, ಆದರೆ ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು ಮುಂತಾದವು ಇದ್ದವರಿಗೆ ಬೇಡ. 5 ಮಿ.ಮೀ.ಗಿಂತ ಚಿಕ್ಕ ಕಲ್ಲು ಬಹುಪಾಲು ತಾನೇ ಹೋಗುತ್ತದೆ. ನೋವಿರುವಾಗ ಬಿಂದಿಗೆಗಟ್ಟಲೆ ನೀರು ಕುಡಿದರೆ ಕಲ್ಲು ತಳ್ಳಿಕೊಂಡು ಹೋಗುತ್ತದೆ ಎನ್ನುವುದು ತಪ್ಪು, ದಾರಿ ಮುಚ್ಚಿರುವಾಗ ಒತ್ತಡ ಏರಿ ನೋವೇ ಜಾಸ್ತಿಯಾಗುತ್ತದೆ. ನೀರು ಬೇಕಾದದ್ದು ಮುಂದೆ ಕಲ್ಲು ಆಗದಿರಲು.

ಆದರೆ ಅದೇ ನೋವಿನ ಜೊತೆ ಚಳಿ ನಡುಕ, ಜ್ವರ ಬಂತೆಂದರೆ ಕಥೆ ಪೂರ್ತಿ ಬೇರೆ. ಮುಚ್ಚಿದ ದಾರಿಯ ಹಿಂದೆ ಮೂತ್ರ ಕೀವಾಗುತ್ತಿದೆ ಎಂದರ್ಥ. ಆ ವಿಷ ರಕ್ತಕ್ಕೆ ಸೇರಿ ಕೆಲವೇ ಗಂಟೆಯಲ್ಲಿ ಬಿಪಿ ಬೀಳುತ್ತದೆ. ಆಂಟಿಬಯಾಟಿಕ್ ಒಂದರಿಂದಲೇ ಇದು ವಾಸಿಯಾಗುವುದಿಲ್ಲ, ದಾರಿ ತೆರೆಯಲೇಬೇಕು. ಒಳಗಿನಿಂದ ಸ್ಟೆಂಟ್ ಎಂಬ ತೆಳು ನಳಿಕೆ ಹಾಕುತ್ತೇವೆ, ಇಲ್ಲವೇ ಬೆನ್ನಿನ ಕಡೆಯಿಂದ ಕಿಡ್ನಿಗೆ ನೇರವಾಗಿ ನಳಿಕೆ ಇಡುತ್ತೇವೆ. "ಕಲ್ಲು ತೆಗೆಯದೆ ಬರೀ ಪೈಪ್ ಹಾಕಿ ಕಳಿಸಿದರು" ಎಂದು ಸಿಟ್ಟಾಗುವ ಮನೆಯವರಿಗೆ ನಾನು ಇದನ್ನೇ ಬಿಡಿಸಿ ಹೇಳುತ್ತೇನೆ: ಕೀವಿರುವಾಗ ಕಲ್ಲು ಒಡೆಯಲು ಹೋದರೆ ಸೋಂಕು ಮೈತುಂಬ ಹರಡುತ್ತದೆ. ಮೊದಲು ಪ್ರಾಣ, ಆಮೇಲೆ ಕಲ್ಲು. ಹಾಕಿದ ಸ್ಟೆಂಟ್ ಯಾವಾಗ ತೆಗೆಯಬೇಕು ಎಂದು ಮಾತ್ರ ಕ್ಯಾಲೆಂಡರಿನಲ್ಲಿ ಬರೆದಿಡಿ. ಮರೆತು ಒಳಗೇ ಬಿಟ್ಟ ಸ್ಟೆಂಟ್ ಮೇಲೆ ಕಲ್ಲು ಬೆಳೆದು ಬಂದವರನ್ನು ನೋಡಿ ತುಂಬ ಸಂಕಟಪಟ್ಟಿದ್ದೇನೆ. ಒಂದೇ ಕಿಡ್ನಿ ಇರುವವರು, ಗರ್ಭಿಣಿಯರು, ವಾಂತಿ ನಿಲ್ಲದವರು, ಮೂತ್ರವೇ ಆಗದವರು ಜ್ವರ ಇಲ್ಲದಿದ್ದರೂ ಕಾಯಬಾರದು. 60 ದಾಟಿದವರಿಗೆ ಜೀವನದಲ್ಲಿ ಮೊದಲ ಸಲ ಇಂಥ ಪಕ್ಕೆ ನೋವು ಬಂದರೆ ಕಲ್ಲು ಎಂದು ನೀವೇ ತೀರ್ಮಾನಿಸಬೇಡಿ. ಹೊಟ್ಟೆಯ ದೊಡ್ಡ ರಕ್ತನಾಳ ಉಬ್ಬಿ ಸೀಳಿದಾಗಲೂ ನೋವು ಹೀಗೇ ಇರುತ್ತದೆ.

ಮೂತ್ರದಲ್ಲಿ ರಕ್ತ ಕಂಡರೆ, ನೋವಿಲ್ಲದೆ ಒಂದೇ ಸಲ ಕಂಡರೂ, ಕೆಲವು ದಿನದಲ್ಲಿ ತೋರಿಸಬೇಕು. ತಾನಾಗಿ ನಿಂತಿತು ಎಂದು ಬಿಡುವುದೇ ದೊಡ್ಡ ತಪ್ಪು. ಮೂತ್ರಕೋಶದ ಕ್ಯಾನ್ಸರ್ ಹೀಗೆಯೇ ಬಂದು ಹೋಗಿ ಮಾಡುತ್ತದೆ. ರಕ್ತ ತೆಳುವಾಗಿಸುವ ಮಾತ್ರೆಯಿಂದ ಇರಬೇಕು ಎಂದು ಪರೀಕ್ಷೆ ಬಿಡಬಾರದು, ಆ ಮಾತ್ರೆಯನ್ನು ನೀವೇ ನಿಲ್ಲಿಸಲೂಬಾರದು. ಗಡ್ಡೆ ಗಡ್ಡೆಯಾಗಿ ರಕ್ತ ಹೋಗಿ ಮೂತ್ರ ಕಟ್ಟಿದರೆ ಮಾತ್ರ ಅದು ಆ ರಾತ್ರಿಯ ಕೆಲಸ.

ಇನ್ನು ಯಾರೂ ಬಾಯಿಬಿಟ್ಟು ಕೇಳದ ವಿಷಯಗಳು. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಯಕೆ ಇಲ್ಲದೆಯೂ ಶಿಶ್ನ ಗಟ್ಟಿಯಾಗಿಯೇ 4 ಗಂಟೆ ನಿಂತರೆ ಅದು ತುರ್ತು. ಕೆಲವು ಔಷಧಗಳಿಂದ, ಉದ್ರೇಕಕ್ಕೆಂದು ಚುಚ್ಚಿಕೊಳ್ಳುವ ಇಂಜೆಕ್ಷನ್‌ನಿಂದ, ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಇರುವವರಿಗೆ ಹೀಗಾಗುತ್ತದೆ. ಒಳಗಿನ ರಕ್ತ ನಿಂತು ಹಳಸುತ್ತದೆ. ಬೇಗ ಬಂದರೆ ಸೂಜಿಯಿಂದ ಆ ರಕ್ತ ತೆಗೆದು, ಔಷಧ ಕೊಟ್ಟು ಸರಿಪಡಿಸುತ್ತೇವೆ. ಒಂದೂವರೆ ದಿನ ಬಿಟ್ಟು ಬಂದರೆ ಮುಂದೆ ಉದ್ರೇಕ ಬರುವ ಸಾಧ್ಯತೆ ತೀರಾ ಕಡಿಮೆ. ಮುಂದೊಗಲು ಹಿಂದೆ ಸರಿದು ಮತ್ತೆ ಮುಂದೆ ಬಾರದೆ, ತುದಿ ಊದಿಕೊಂಡರೆ ಅದೂ ಕಾಯುವಂಥದ್ದಲ್ಲ. ವಯಸ್ಸಾದವರಿಗೆ ಪೈಪ್ ಹಾಕಿದ ಮೇಲೆ ತೊಗಲನ್ನು ಮುಂದಕ್ಕೆ ತರಲು ಮರೆತಾಗ ಹೀಗಾಗುತ್ತದೆ. ಅಪ್ಪನಿಗೆ ಮತ್ತೆ ಪೈಪ್ ಹಾಕಿದರೆ ಇದನ್ನು ನೆನಪಿಟ್ಟು ನೋಡಿ. ಸಂಭೋಗದಲ್ಲಿ ಟಪ್ ಎಂದು ಸದ್ದಾಗಿ, ತಕ್ಷಣ ಸಡಿಲವಾಗಿ, ನೀಲಿಗಟ್ಟಿ ಊದಿದರೆ ಒಳಗಿನ ಪೊರೆ ಹರಿದಿದೆ. ಅದನ್ನು ಹೊಲಿಯಬೇಕು.

ಸಕ್ಕರೆ ಕಾಯಿಲೆ ಇದ್ದವರು ಒಂದನ್ನು ಜಾಸ್ತಿ ಗಮನಿಸಬೇಕು. ಬೀಜದ ಚೀಲ ಮತ್ತು ಗುದದ ನಡುವಿನ ಜಾಗದಲ್ಲಿ ನೋವು, ಜ್ವರ. ಹೊರಗೆ ಚರ್ಮ ಸ್ವಲ್ಪವೇ ಕೆಂಪಗೆ ಕಾಣುತ್ತದೆ, ನೋವು ಮಾತ್ರ ವಿಪರೀತ. ಒಳಗೆ ಮಾಂಸ ಕೊಳೆಯುತ್ತಿರಬಹುದು. ಅದು ಗಂಟೆಗಂಟೆಗೂ ಹರಡುತ್ತದೆ. ಕೊಳೆತದ್ದನ್ನು ಅವತ್ತೇ ಕೊಯ್ದು ತೆಗೆಯಬೇಕು. ಹೆಂಗಸರಿಗೂ ಇದು ಬರುತ್ತದೆ.

ತುರ್ತು ವಿಭಾಗಕ್ಕೆ ಹೋದಾಗ ಬಾಗಿಲಲ್ಲೇ, ಮೊದಲ ವಾಕ್ಯದಲ್ಲೇ ವಿಷಯ ಹೇಳಿ. "ಹುಡುಗನಿಗೆ ಬಲಗಡೆ ಬೀಜ ನೋವು, ನಾಲ್ಕು ಗಂಟೆಗೆ ಶುರುವಾಯಿತು, ಎರಡು ಸಲ ವಾಂತಿ." ಅಷ್ಟೇ ಸಾಕು. ಹೊಟ್ಟೆ ನೋವು ಎಂದರೆ ಸರದಿಯಲ್ಲಿ ಕೂರಿಸುತ್ತಾರೆ. ಅಪ್ಪನದಾದರೆ ಕೊನೆಯ ಸಲ ಯಾವಾಗ ಒಂದಕ್ಕೆ ಹೋದರು, ಯಾವ ಮಾತ್ರೆ ನುಂಗಿದ್ದಾರೆ ಎಂದು ಹೇಳಿ, ಮಾತ್ರೆಯ ಪಟ್ಟಿಗಳನ್ನೇ ತಗೊಂಡು ಹೋಗಿ. ಮುಂದೆ ನೆಗಡಿ ಬಂದರೆ ಅಂಗಡಿಯಲ್ಲಿ ಕೇಳುವಾಗಲೇ ಪ್ರಾಸ್ಟೇಟ್ ತೊಂದರೆ ಇದೆ ಎಂದು ಹೇಳಲಿ.

ಮಗನ ಹತ್ತಿರ ಇವತ್ತೇ ಕೂತು ಮಾತಾಡಿ. ಮತ್ತೆ ನೋವು ಬಂದರೆ, ರಾತ್ರಿ ಎರಡು ಗಂಟೆಯಾದರೂ, ಶಾಲೆಯಲ್ಲಿದ್ದರೂ, ತಕ್ಷಣ ಹೇಳಬೇಕು, ಯಾರೂ ಬೈಯುವುದಿಲ್ಲ ಎಂದು ಅವನಿಗೆ ಗೊತ್ತಿರಲಿ. ನಿಮಗೆ ಹೇಳಲು ಮುಜುಗರವಾದರೆ ಮನೆಯಲ್ಲಿ ಇನ್ನು ಯಾರಿಗೆ ಹೇಳಬಹುದು ಎಂದು ಅವನನ್ನೇ ಕೇಳಿ. ಅಜ್ಜ ಇದ್ದಾರಲ್ಲ, ಆ ರಾತ್ರಿ ಎರಡು ಗಂಟೆ ಕಾಲ ಯಾರಿಗೂ ಹೇಳದೆ ಅನುಭವಿಸಿದವರು. ಅವರೇ ಅವನಿಗೆ ಹೇಳಿದರೆ ಇನ್ನೂ ಒಳ್ಳೆಯದು. ಮತ್ತು ಅಪಾಯಿಂಟ್‌ಮೆಂಟ್ ಮೊದಲು ಮಗನಿಗೆ ತಗೊಳ್ಳಿ. ಅಪ್ಪನ ಸ್ಕ್ಯಾನ್ ಎರಡು ದಿನ ಆಮೇಲೆ ಆದರೂ ನಡೆಯುತ್ತದೆ.